ಬಸವೇಶ್ವರ ಪ್ರತಿಮೆಯ ಬೆನ್ನಿಗಿರುವ ಲ್ಯಾಂಬೆತ್: ಉದ್ಯಾನ ಮತ್ತು ವಸ್ತುಸಂಗ್ರಹಾಲಯಗಳ ಕಾಲ್ನಡಿಗೆಯ ವಿಮರ್ಶೆ

ಲಂಡನ್ನಿಗೆ ಬರುವ ಕನ್ನಡಿಗರಲ್ಲಿ ಹಲವರು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ಹುಡುಕಿಕೊಂಡು ಬರುತ್ತಾರೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪನೆಯಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಬಂದವರು ನಮಸ್ಕರಿಸಿ, ಫೋಟೊ ತೆಗೆಸಿಕೊಂಡು, ಸೇತುವೆ ದಾಟಿ ಬಿಗ್ ಬೆನ್ ಕಡೆಗೆ ಹೊರಟುಬಿಡುತ್ತಾರೆ. ಪ್ರತಿಮೆಯ ಬೆನ್ನಿಗೇ ಇರುವ ಲ್ಯಾಂಬೆತ್ ಎಂಬ ಹಳೆಯ ಬಡಾವಣೆಯನ್ನು ನೋಡುವವರು ಕಡಿಮೆ. ನಾಲ್ಕು ಕಿಲೋಮೀಟರಿನೊಳಗಿನ ನಡಿಗೆಯಲ್ಲಿ ಮೂರು ವಸ್ತುಸಂಗ್ರಹಾಲಯಗಳೂ ಮೂರು ಉದ್ಯಾನಗಳೂ ಸಿಗುವ ಈ ಬಡಾವಣೆಗೆ ಒಂದು ಪೂರ್ತಿ ದಿನವನ್ನು ಮೀಸಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟು ಬಿಡುವಿಲ್ಲದವರು ಗಾರ್ಡನ್ ಮ್ಯೂಸಿಯಂ ಒಂದನ್ನಾದರೂ ನೋಡಬೇಕು.

ನಡಿಗೆಯನ್ನು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ದಕ್ಷಿಣದ ತುದಿಯಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ ಎತ್ತರದ ಪೀಠದ ಮೇಲೆ ನಿಂತಿರುವ ಸಿಂಹವನ್ನು ಕಲ್ಲಿನಲ್ಲಿ ಕಡೆದದ್ದೆಂದೇ ಎಲ್ಲರೂ ಭಾವಿಸುತ್ತಾರೆ. ಆದರೆ 1837ರ ಈ ಸಿಂಹ ಕೋಡ್ ಸ್ಟೋನ್ ಎಂಬ ಕೃತಕ ಶಿಲೆಯದು. ಜೇಡಿಮಣ್ಣಿನ ಮಿಶ್ರಣವನ್ನು ಅಚ್ಚಿಗೆ ಹಾಕಿ, ಕುಲುಮೆಯಲ್ಲಿ ದಿನಗಟ್ಟಲೆ ಸುಟ್ಟು ಮಾಡುವ ಈ ಶಿಲೆಯ ಕಾರ್ಖಾನೆಯನ್ನು 18ನೇ ಶತಮಾನದ ಉತ್ತರಾರ್ಧದಲ್ಲಿ ಲ್ಯಾಂಬೆತ್‌ನಲ್ಲಿ ನಡೆಸಿದವರು ಎಲಿನರ್ ಕೋಡ್ ಎಂಬ ಮಹಿಳೆ. ಲಂಡನ್ನಿನ ಹೊಗೆಗೂ ಮಳೆಗೂ ಮೈಯೊಡ್ಡಿಯೂ ಸಿಂಹದ ಕೇಸರದ ಗೆರೆಗಳು ಇಂದಿಗೂ ಸವೆದಿಲ್ಲ. ಈ ಶಿಲೆಯ ಹೆಸರನ್ನು ನೆನಪಿನಲ್ಲಿಟ್ಟುಕೊಂಡಿರಿ, ಮುಂದೆ ಒಂದು ಸಮಾಧಿಯ ಬಳಿ ಅದು ಮತ್ತೆ ಎದುರಾಗುತ್ತದೆ.

ಸೇತುವೆಯ ಪಕ್ಕದ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ವಸ್ತುಸಂಗ್ರಹಾಲಯವಿದೆ. ವಾಹನ ನಿಲುಗಡೆ ಜಾಗದ ಮಟ್ಟದಲ್ಲಿರುವುದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನೈಟಿಂಗೇಲ್ 1860ರಲ್ಲಿ ದಾದಿಯರ ತರಬೇತಿ ಶಾಲೆಯನ್ನು ಆರಂಭಿಸಿದ್ದು ಇದೇ ಆಸ್ಪತ್ರೆಯೊಡನೆ. ಆಸ್ಪತ್ರೆ ಈಗಿನ ಜಾಗಕ್ಕೆ ಬಂದದ್ದು 1871ರಲ್ಲಿ. ಸಂಗ್ರಹಾಲಯ ಚಿಕ್ಕದು, ಒಂದು ಗಂಟೆ ಸಾಕು. ಕ್ರಿಮಿಯಾ ಯುದ್ಧಕಾಲದ ಔಷಧಿ ಪೆಟ್ಟಿಗೆಯನ್ನೂ ಮಡಿಸಬಹುದಾದ ತುರ್ಕಿ ಲಾಂದ್ರವನ್ನೂ ನೋಡಿದರೆ, ಶಾಲೆಯ ಪಾಠಗಳಿಂದ ನಮ್ಮ ಮನಸ್ಸಿನಲ್ಲಿ ಕುಳಿತಿರುವ ದೀಪಧಾರಿಣಿಯ ಚಿತ್ರವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಥೆನ್ಸಿನಲ್ಲಿ ಆಕೆ ರಕ್ಷಿಸಿ ತಂದು, ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಅಥೀನಾ ಎಂಬ ಪುಟ್ಟ ಗೂಬೆಯ ಒಣಗಿಸಿಟ್ಟ ದೇಹವೂ ಇಲ್ಲಿದೆ; ಮಕ್ಕಳು ಅದರ ಮುಂದಿನಿಂದ ಬೇಗ ಕದಲುವುದಿಲ್ಲ. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರದಿದ್ದರೂ ನಮ್ಮ ದೇಶದ ನೈರ್ಮಲ್ಯ, ನೀರಾವರಿ ಮತ್ತು ಬರಗಾಲಗಳ ಬಗ್ಗೆ ದಶಕಗಳ ಕಾಲ ಬರೆದರು. ಈ ಸಂಗತಿ ತಿಳಿದಿದ್ದವರಿಗೆ ಸಂಗ್ರಹಾಲಯ ಇನ್ನಷ್ಟು ಅರ್ಥಪೂರ್ಣವಾಗುತ್ತದೆ. ವಾರದ ಎಲ್ಲ ದಿನವೂ ಅದು ತೆರೆದಿರುವುದಿಲ್ಲವಾದ್ದರಿಂದ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಆಸ್ಪತ್ರೆಯ ತೋಟದಲ್ಲಿ, ಜಮೈಕಾದಲ್ಲಿ ಹುಟ್ಟಿ ಅದೇ ಯುದ್ಧದಲ್ಲಿ ಗಾಯಾಳುಗಳನ್ನು ಆರೈಕೆ ಮಾಡಿದ ಮೇರಿ ಸೀಕೋಲ್ ಅವರ ಪ್ರತಿಮೆ 2016ರಿಂದ ನಿಂತಿದೆ. ಅದನ್ನು ನೋಡದೆ ಮುಂದೆ ಹೋಗಬಾರದು.

ಆಸ್ಪತ್ರೆಗೂ ನದಿಗೂ ನಡುವಿನ ಪಾದಚಾರಿ ಮಾರ್ಗದ ಗೋಡೆಯೇ ರಾಷ್ಟ್ರೀಯ ಕೋವಿಡ್ ಸ್ಮಾರಕ ಗೋಡೆ. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದರಂತೆ ಕೆಂಪು ಹೃದಯಗಳನ್ನು ಬಿಡಿಸುವ ಕೆಲಸ 2021ರ ಮಾರ್ಚ್ ಕೊನೆಯಲ್ಲಿ ಆರಂಭವಾಯಿತು. ಬಿಡಿಸಿದವರು ಸ್ವಯಂಸೇವಕರು. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಅಂಗೈಯಗಲದ ಹೃದಯಗಳು ಒತ್ತೊತ್ತಾಗಿವೆ. ಅನೇಕವುಗಳ ಒಳಗೆ ಹೆಸರು, ದಿನಾಂಕ, ಒಂದೆರಡು ಪದಗಳ ವಿದಾಯವನ್ನು ಮನೆಯವರೇ ಪೆನ್ನಿನಲ್ಲಿ ಬರೆದಿದ್ದಾರೆ. ಬಿಸಿಲು ಮಳೆಗೆ ಬಣ್ಣ ಮಾಸಿ ಗುಲಾಬಿಗೆ ತಿರುಗಿದವುಗಳಿಗೆ ಸ್ವಯಂಸೇವಕರು ಮತ್ತೆ ಕೆಂಪು ಬಣ್ಣ ಹಚ್ಚಿ ಹೆಸರುಗಳನ್ನು ಹೊಸದಾಗಿ ಬರೆಯುತ್ತಾರೆ. ನದಿಯಾಚೆ ಸರಿಯಾಗಿ ಎದುರಿಗೆ ಪಾರ್ಲಿಮೆಂಟ್ ಭವನವಿದೆ, ಈ ಜಾಗವನ್ನು ಆರಿಸಿಕೊಂಡದ್ದೂ ಅದಕ್ಕಾಗಿಯೇ. ದಯವಿಟ್ಟು ಇದನ್ನು ಸೆಲ್ಫಿಯ ಹಿನ್ನೆಲೆಯಾಗಿಸಬೇಡಿ. ಹೆಸರುಗಳನ್ನು ಓದುತ್ತಾ ನಿಧಾನವಾಗಿ ನಡೆಯಿರಿ.

ಗೋಡೆ ಮುಗಿದ ಕಡೆ ಲ್ಯಾಂಬೆತ್ ಅರಮನೆ ಎದುರಾಗುತ್ತದೆ. ಸುಮಾರು 800 ವರ್ಷಗಳಿಂದ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಧರ್ಮಗುರುವಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಲಂಡನ್ ನಿವಾಸವಾಗಿರುವ ಈ ಅರಮನೆಯ ಕೆಂಪು ಇಟ್ಟಿಗೆಯ ಹೆಬ್ಬಾಗಿಲು 15ನೇ ಶತಮಾನದ ಕೊನೆಯದು. ಒಳಗಿನ ತೋಟ ವರ್ಷದಲ್ಲಿ ಕೆಲವು ದಿನಗಳು ಮಾತ್ರ ಸಾರ್ವಜನಿಕರಿಗೆ ತೆರೆದಿರುತ್ತದೆ. ಹೆಬ್ಬಾಗಿಲಿಗೆ ಒತ್ತಿಕೊಂಡಂತಿರುವ ಹಳೆಯ ಚರ್ಚೇ ಗಾರ್ಡನ್ ಮ್ಯೂಸಿಯಂ.

ಸೇಂಟ್ ಮೇರಿ ಅಟ್ ಲ್ಯಾಂಬೆತ್ ಎಂಬ ಈ ಚರ್ಚಿನಲ್ಲಿ ಆರಾಧನೆ ನಿಂತದ್ದು 1972ರಲ್ಲಿ. ಕಟ್ಟಡ ಹಾಳುಬಿದ್ದು ನೆಲಸಮವಾಗುವ ಹಂತದಲ್ಲಿದ್ದಾಗ, ಟ್ರೇಡ್ಸ್‌ಕ್ಯಾಂಟ್ ಎಂಬ ತೋಟಗಾರರ ಸಮಾಧಿಯನ್ನು ಹುಡುಕಿಕೊಂಡು ಬಂದ ರೋಸ್‌ಮೇರಿ ನಿಕೊಲ್ಸನ್ ಎಂಬ ಮಹಿಳೆ, ಪತಿಯೊಡನೆ ಸೇರಿ ಅದನ್ನು ಉಳಿಸಿದರು. 1977ರಲ್ಲಿ ತೋಟಗಾರಿಕೆಯ ಇತಿಹಾಸಕ್ಕೆ ಮೀಸಲಾದ ವಸ್ತುಸಂಗ್ರಹಾಲಯ ಇಲ್ಲಿ ನೆಲೆಗೊಂಡಿತು. ಜಾನ್ ಟ್ರೇಡ್ಸ್‌ಕ್ಯಾಂಟ್ ಎಂಬುದು ತಂದೆ ಮಗ ಇಬ್ಬರ ಹೆಸರೂ ಹೌದು. 17ನೇ ಶತಮಾನದಲ್ಲಿ ರಾಜರ ತೋಟಗಾರರಾಗಿದ್ದ ಇವರು ಗಿಡ ಬೀಜಗಳಿಗಾಗಿ ದೇಶದೇಶ ಸುತ್ತಿ, ಮಗನಂತೂ ಅಮೆರಿಕದ ವರ್ಜೀನಿಯಾದವರೆಗೆ ಹೋಗಿ, ತಂದ ವಿಚಿತ್ರ ವಸ್ತುಗಳನ್ನೆಲ್ಲ ದಕ್ಷಿಣ ಲ್ಯಾಂಬೆತ್‌ನ ತಮ್ಮ ಮನೆಯಲ್ಲಿ ಕಾಸು ಕೊಟ್ಟವರಿಗೆ ತೋರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರಿಗೆ ತೆರೆದ ಮೊದಲ ವಸ್ತುಸಂಗ್ರಹಾಲಯ ಅದೇ. ಮಗ 1662ರಲ್ಲಿ ತೀರಿಕೊಂಡ ಮೇಲೆ ಸಂಗ್ರಹಕ್ಕಾಗಿ ಆತನ ಪತ್ನಿ ಹೆಸ್ಟರ್‌ಗೂ ನೆರೆಯವನಾದ ಎಲಿಯಾಸ್ ಆಶ್‌ಮೋಲ್‌ಗೂ ವ್ಯಾಜ್ಯ ನಡೆದು, ತೀರ್ಪು ಆಶ್‌ಮೋಲ್ ಪರವಾಗಿ ಬಂದಿತು. ಆ ಸಂಗ್ರಹದಿಂದಲೇ 1683ರಲ್ಲಿ ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ವಸ್ತುಸಂಗ್ರಹಾಲಯ ಹುಟ್ಟಿತು. ಹೆಸ್ಟರ್ 1678ರಲ್ಲಿ ತೋಟದ ಕೊಳದಲ್ಲಿ ಶವವಾಗಿ ಸಿಕ್ಕಿದರು. ಆಕೆಯೂ ಆಶ್‌ಮೋಲನೂ ಇದೇ ಚರ್ಚಿನ ನೆಲದಲ್ಲಿ ಮಣ್ಣಾಗಿದ್ದಾರೆ. ಕೀರ್ತಿಯೆಲ್ಲ ಗೆದ್ದವನ ಹೆಸರಿಗೆ ಸಂದಿತು. ಸಂಗ್ರಹವನ್ನು ನಿಜವಾಗಿ ಕಟ್ಟಿದವರಿಗೆ ಗೌರವ ಸಲ್ಲುತ್ತಿರುವುದು ಈ ಚಿಕ್ಕ ಸಂಗ್ರಹಾಲಯದಲ್ಲಿ ಎಂಬ ಕಾರಣಕ್ಕೇ ನನಗೆ ಇದು ಹೆಚ್ಚು ಪ್ರಿಯ.

ಟ್ರೇಡ್ಸ್‌ಕ್ಯಾಂಟರ ಸಮಾಧಿ ಒಳಾಂಗಣದ ತೋಟದಲ್ಲಿದೆ. ಪಕ್ಕಗಳಲ್ಲಿ ಮೊಸಳೆ, ಶಂಖ ಚಿಪ್ಪುಗಳು, ಉರುಳಿಬಿದ್ದ ಕಂಬಗಳು, ಪಿರಮಿಡ್ಡು, ಹಲವು ತಲೆಗಳ ಸರ್ಪ ಮತ್ತು ತಲೆಬುರುಡೆಯನ್ನು ಉಬ್ಬುಶಿಲ್ಪವಾಗಿ ಕೆತ್ತಿದ್ದಾರೆ, ಮೂಲೆಗಳಲ್ಲಿ ಮರಗಳಿವೆ. ಬೆಂಗಳೂರಿನ ಎಷ್ಟೋ ಮನೆಗಳ ತೂಗುಕುಂಡಗಳಿಂದ ಇಳಿಬೀಳುವ, ನೇರಳೆ ಮತ್ತು ಬೆಳ್ಳಿ ಗೆರೆಗಳ ಎಲೆಯ ಬಳ್ಳಿ ಟ್ರೇಡ್ಸ್‌ಕ್ಯಾಂಶಿಯ ಕುಲಕ್ಕೆ ಸೇರಿದ್ದು. ಆ ಕುಲಕ್ಕೆ ಹೆಸರು ಬಂದದ್ದು ಇಲ್ಲಿ ಮಲಗಿರುವ ತೋಟಗಾರರಿಂದ.

ಅದೇ ತೋಟದಲ್ಲಿ ವಿಲಿಯಂ ಬ್ಲೈ ಎಂಬ ನೌಕಾಧಿಕಾರಿಯ ಸಮಾಧಿಯೂ ಇದೆ. ಟಹೀಟಿಯಿಂದ ವೆಸ್ಟ್ ಇಂಡೀಸಿಗೆ ಹಲಸಿನ ಜಾತಿಯ ಒಂದು ಮರದ ಸಸಿಗಳನ್ನು ಸಾಗಿಸುತ್ತಿದ್ದಾಗ, 1789ರಲ್ಲಿ ಬೌಂಟಿ ಹಡಗಿನ ನಾವಿಕರು ದಂಗೆಯೆದ್ದು ಸಣ್ಣ ದೋಣಿಯೊಂದರಲ್ಲಿ ಇಳಿಸಿಬಿಟ್ಟದ್ದು ಇದೇ ಬ್ಲೈಯನ್ನು. ಆ ಕಾಯಿ ನಮ್ಮ ಕರಾವಳಿಯವರ ಜೀಗುಜ್ಜೆ. ತೋಟದ ಗುಲಾಮರಿಗೆ ಅಗ್ಗದ ಆಹಾರ ಒದಗಿಸುವ ಉದ್ದೇಶದಿಂದ ನಡೆದ ಆ ಸಾಗಾಟವನ್ನು ಬ್ಲೈ ಎರಡನೆಯ ಯಾನದಲ್ಲಿ ಪೂರೈಸಿದ. ಅವನ ಸಮಾಧಿಯ ನೆತ್ತಿಯ ಮೇಲಿರುವುದು ಜೀಗುಜ್ಜೆಯೇ ಎಂದು ಹಲವರು ಹೇಳುತ್ತಾರೆ, ಸಮಾಧಿಯನ್ನು ಮಾಡಿರುವುದು ಸೇತುವೆಯ ಸಿಂಹದ ಕೋಡ್ ಸ್ಟೋನಿನಲ್ಲೇ. ಮಂಗಳೂರು, ಉಡುಪಿ ಕಡೆಯ ಓದುಗರು ಇಲ್ಲಿ ಒಂದು ನಿಮಿಷ ಹೆಚ್ಚೇ ನಿಲ್ಲುತ್ತಾರೆಂದು ನಂಬಿದ್ದೇನೆ.

ಒಳಗಿನ ಪ್ರದರ್ಶನದಲ್ಲಿ ಹಳೆಯ ಗುದ್ದಲಿ, ನೀರು ಚಿಮುಕಿಸುವ ಡಬ್ಬಿ, ಬೀಜದ ಪೊಟ್ಟಣ, ತೋಟಗಳ ಚಿತ್ರಗಳು ಇವೆ. ರಾಜಮಹಾರಾಜರ ಉದ್ಯಾನಗಳಷ್ಟೇ ಅಲ್ಲದೆ, ಸಾಮಾನ್ಯ ಮನೆಯ ಹಿತ್ತಲಿಗೂ ಸಮಾನ ಗೌರವ ಕೊಟ್ಟಿರುವುದು ಈ ಪ್ರದರ್ಶನದ ದೊಡ್ಡ ಗುಣ. 2016ರಲ್ಲಿ ನವೀಕರಣದ ಕೆಲಸಗಾರರು ನೆಲದ ಕಲ್ಲುಗಳನ್ನು ಎತ್ತಿದಾಗ, ಕೆಳಗಿನ ನೆಲಮಾಳಿಗೆಯಲ್ಲಿ 30 ಸೀಸದ ಶವಪೆಟ್ಟಿಗೆಗಳು ಸಿಕ್ಕವು. ಅವುಗಳಲ್ಲಿ ಆರ್ಚ್‌ಬಿಷಪ್ಪರವೂ ಇದ್ದವು, ಒಂದರ ಮೇಲೆ ಚಿನ್ನದ ಬಣ್ಣದ ಕಿರೀಟವಿತ್ತು. 14ನೇ ಶತಮಾನದ ಗೋಪುರಕ್ಕೆ 131 ಮೆಟ್ಟಿಲುಗಳು. ಸುರುಳಿ ಮೆಟ್ಟಿಲು ಬಹಳ ಕಿರಿದಾದ್ದರಿಂದ ಮೊಣಕಾಲು ನೋವಿರುವವರು ಹತ್ತದಿರುವುದೇ ಲೇಸು. ಹತ್ತಿದವರಿಗೆ ಅರಮನೆಯ ಅಂಗಳ, ನದಿ ಮತ್ತು ಪಾರ್ಲಿಮೆಂಟ್ ಒಂದೇ ನೋಟದಲ್ಲಿ ಸಿಗುತ್ತವೆ. ಪ್ರವೇಶಕ್ಕೆ ಶುಲ್ಕವಿದೆ. ಲಂಡನ್ನಿನ ದೊಡ್ಡ ವಸ್ತುಸಂಗ್ರಹಾಲಯಗಳೆಲ್ಲ ಉಚಿತವಾಗಿರುವಾಗ ಇದಕ್ಕೇಕೆ ಹಣ ತೆರಬೇಕು ಎನ್ನುವವರಿಗೆ ನನ್ನ ಉತ್ತರ ಸ್ಪಷ್ಟ: ಈ ಹಣ ಸಾರ್ಥಕ. ಒಳಗಿನ ಉಪಾಹಾರ ಗೃಹದ ಪಟ್ಟಿ ಚಿಕ್ಕದು, ಆಗಾಗ ಬದಲಾಗುತ್ತಿರುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಬಂದರೆ ನಿಶ್ಚಿಂತೆ.

ಇಲ್ಲಿಂದ ನದಿಯ ದಂಡೆಗೆ ಬಂದರೆ ಬಸವೇಶ್ವರರ ಪ್ರತಿಮೆ ಹತ್ತಿರದಲ್ಲೇ ಇದೆ. 1860ರ ದಶಕದ ಕೊನೆಯಲ್ಲಿ ಎಂಜಿನಿಯರ್ ಜೋಸೆಫ್ ಬಜಾಲ್ಗೆಟ್ ಕಟ್ಟಿಸಿದ ಈ ದಂಡೆಯ ದೀಪಸ್ತಂಭಗಳಿಗೆ ಎರಕದ ಮೀನುಗಳು ಸುತ್ತಿಕೊಂಡಿವೆ. ಪಕ್ಕದ ಓಣಿಯಲ್ಲಿರುವ ಓಲ್ಡ್ ಪ್ಯಾರಡೈಸ್ ಗಾರ್ಡನ್ಸ್ ಒಂದು ಕಾಲದ ಸ್ಮಶಾನ. 1884ರಲ್ಲಿ ಅದನ್ನು ಉದ್ಯಾನವನ್ನಾಗಿಸಿ, ಸಮಾಧಿಯ ಕಲ್ಲುಗಳನ್ನು ಗೋಡೆಗೆ ಆನಿಸಿಟ್ಟರು. ಬುತ್ತಿ ಬಿಚ್ಚಲು ಇದಕ್ಕಿಂತ ಆರ್ಚ್‌ಬಿಷಪ್ಸ್ ಪಾರ್ಕ್ ಮೇಲು. ಅರಮನೆಯ ತೋಟದ ಭಾಗವೇ ಆಗಿದ್ದ ಆ ಜಾಗದಲ್ಲಿ 19ನೇ ಶತಮಾನದಲ್ಲಿ ಆರ್ಚ್‌ಬಿಷಪ್ ಟೇಟ್ ಬಡಮಕ್ಕಳಿಗೆ ಆಡಲು ಅವಕಾಶ ಕೊಟ್ಟರು, 1901ರಲ್ಲಿ ಅದು ವಿಧಿವತ್ತಾಗಿ ಸಾರ್ವಜನಿಕ ಉದ್ಯಾನವಾಯಿತು. ಇಂದಿಗೂ ಅಲ್ಲಿ ಪ್ರವಾಸಿಗರಿಗಿಂತ ಅಕ್ಕಪಕ್ಕದ ಮನೆಗಳವರೂ ಆಸ್ಪತ್ರೆಯ ಸಿಬ್ಬಂದಿಯೂ ಹೆಚ್ಚು.

ಕೊನೆಯ ಘಟ್ಟ ಇಂಪೀರಿಯಲ್ ವಾರ್ ಮ್ಯೂಸಿಯಂ. ಲ್ಯಾಂಬೆತ್ ರಸ್ತೆಯಲ್ಲಿ ಹೋಗುವಾಗ 100ನೇ ನಂಬರಿನ ಮನೆಯ ಗೋಡೆಯಲ್ಲಿ ಬ್ಲೈಯ ಹೆಸರಿನ ಫಲಕ ಕಾಣಿಸುತ್ತದೆ. ಸಂಗ್ರಹಾಲಯದ ಗುಮ್ಮಟವಿರುವ ಕಟ್ಟಡವು 1815ರಿಂದ 1930ರವರೆಗೆ ಬೆತ್ಲೆಮ್ ಮಾನಸಿಕ ಆಸ್ಪತ್ರೆಯಾಗಿತ್ತು. ಅದರ ಪಕ್ಕದ ಭಾಗಗಳನ್ನು ಕೆಡವಿದ ಮೇಲೆ ಸುತ್ತಲಿನ ಜಾಗವನ್ನು ಪತ್ರಿಕೆಗಳ ಒಡೆಯ ಲಾರ್ಡ್ ರಾದರ್ಮಿಯರ್ ತಮ್ಮ ತಾಯಿ ಜೆರಾಲ್ಡಿನ್ ಮೇರಿ ಹಾರ್ಮ್ಸ್‌ವರ್ತ್ ಅವರ ನೆನಪಿಗೆ ಉದ್ಯಾನವನ್ನಾಗಿಸಿದರು. 1936ರಲ್ಲಿ ಸಂಗ್ರಹಾಲಯ ಇಲ್ಲಿಗೆ ಬಂದಿತು. ಪ್ರವೇಶ ಉಚಿತ. ಆದರೆ ಕಾಲು ಸೋತ ಮೇಲೆ ಈ ಬೃಹತ್ ಸಂಗ್ರಹಾಲಯವನ್ನು ಪೂರ್ತಿ ನೋಡುವ ಹಟ ಬೇಡ. ಒಂದನ್ನು ಆರಿಸಿಕೊಳ್ಳುವುದಾದರೆ ಮೊದಲ ಮಹಾಯುದ್ಧದ ಗ್ಯಾಲರಿಗಳನ್ನು ನೋಡಿ. ಕಂದಕದ ನಡುವೆ ನಡೆದುಹೋಗುವಂತೆ ಅಲ್ಲಿ ಮಾಡಿದ್ದಾರೆ, ನಿರೂಪಣೆ ಗಂಭೀರವಾಗಿದೆ. ಹಾಗಿದ್ದರೂ ಅದರ ಭಾರ ಫ್ರಾನ್ಸ್, ಬೆಲ್ಜಿಯಂಗಳ ಪಶ್ಚಿಮ ರಂಗದ ಕಡೆಗೇ ಹೆಚ್ಚು. 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಗೆದ್ದ ಸೈನ್ಯದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಇದ್ದದ್ದನ್ನು ಬಲ್ಲ ನಮ್ಮವರಿಗೆ ಪ್ಯಾಲೆಸ್ತೀನ್ ರಂಗದ ಬಗ್ಗೆ ಇನ್ನಷ್ಟು ಬೇಕಿತ್ತು ಅನ್ನಿಸುವುದು ಸಹಜ. ಯಹೂದಿಗಳ ಹತ್ಯಾಕಾಂಡದ ಗ್ಯಾಲರಿಗಳಿಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದು ತರವಲ್ಲ.

ಒಳಗೆ ಹೋಗುವ ಶಕ್ತಿ ಉಳಿದಿಲ್ಲದವರೂ ಉದ್ಯಾನದೊಳಗಿನ ಟಿಬೆಟನ್ ಶಾಂತಿ ತೋಟವನ್ನು ಬಿಡಬಾರದು. 1999ರ ಮೇ ತಿಂಗಳಲ್ಲಿ ದಲೈ ಲಾಮಾ ಅವರೇ ಉದ್ಘಾಟಿಸಿದ ಈ ತೋಟದ ನಡುವೆ ಕಾಲಚಕ್ರ ಮಂಡಲವಿದೆ, ಸುತ್ತ ಬುದ್ಧನ ಅಷ್ಟಾಂಗ ಮಾರ್ಗವನ್ನು ಸೂಚಿಸುವ ಎಂಟು ಕಲ್ಲಿನ ಆಸನಗಳಿವೆ. ಪ್ರವೇಶದ ಕಂಬದ ಮೇಲೆ ಅವರ ಶಾಂತಿಸಂದೇಶವನ್ನು ಟಿಬೆಟನ್, ಇಂಗ್ಲಿಷ್, ಚೀನೀ ಮತ್ತು ಹಿಂದಿ ಭಾಷೆಗಳಲ್ಲಿ ಕೆತ್ತಲಾಗಿದೆ. ಬೈಲಕುಪ್ಪೆಯನ್ನು ನೋಡಿದವರಿಗೆ ಇಲ್ಲಿನ ಚಿಹ್ನೆಗಳಾವುವೂ ಅಪರಿಚಿತವಲ್ಲ. ಸಂಗ್ರಹಾಲಯದ ಮುಂದೆ ಬಾಯ್ದೆರೆದು ನಿಂತಿರುವ ಎರಡು 15 ಇಂಚಿನ ನೌಕಾ ಫಿರಂಗಿಗಳಿಂದ ಇಲ್ಲಿಗೆ ಬರಲು ಒಂದೆರಡು ನಿಮಿಷ ಸಾಕು.

ಹಿರಿಯರೊಡನೆ ಬರುವವರು ನೈಟಿಂಗೇಲ್ ಸಂಗ್ರಹಾಲಯವನ್ನು ಬಿಟ್ಟು, ಬೆಳಿಗ್ಗೆ ಸ್ಮಾರಕ ಗೋಡೆ ಮತ್ತು ಗಾರ್ಡನ್ ಮ್ಯೂಸಿಯಂ, ಮಧ್ಯಾಹ್ನ ಪ್ರತಿಮೆ ಮತ್ತು ಆರ್ಚ್‌ಬಿಷಪ್ಸ್ ಪಾರ್ಕ್ ಎಂದು ಹಂಚಿಕೊಂಡರೆ ದಣಿವಾಗದು. ದಾರಿಯೆಲ್ಲ ಸಮತಟ್ಟಾಗಿದೆ, ಆದರೆ ಸೇತುವೆಯ ಬಳಿ ರಸ್ತೆ ದಾಟುವಾಗ ವಾಹನಗಳ ಬಗ್ಗೆ ಎಚ್ಚರವಿರಲಿ. ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಜೆ 6ಕ್ಕೆ ಮುಚ್ಚುತ್ತದೆ, ಅಲ್ಲಿಂದ ಲ್ಯಾಂಬೆತ್ ನಾರ್ತ್ ಮೆಟ್ರೊ ನಿಲ್ದಾಣ ಕೆಲವೇ ನಿಮಿಷಗಳ ನಡಿಗೆ.