ನಾಲ್ವರು ಲೇಖಕಿಯರ ಪತ್ತೇದಾರಿಣಿಯರು, ನಾಲ್ಕು ತೆರನ ಕುತೂಹಲ

ರೋಚಕವಾಗಿರಬೇಕು, ಪತ್ತೆ ಹಚ್ಚುವವಳು ಹೆಣ್ಣಾಗಿರಬೇಕು, ಅವಳು ಗಟ್ಟಿಗಿತ್ತಿಯೂ ಆಗಿರಬೇಕು. ಅಂಥ ಅಪರಾಧ ಕಾದಂಬರಿಗಳ ಹೆಸರು ಹೇಳಿ ಎಂದು ಗೆಳತಿಯೊಬ್ಬರು ಕೇಳಿದಾಗ ನಾನು ಒಂದೇ ಉಸಿರಿಗೆ ನಾಲ್ವರು ಲೇಖಕಿಯರ ಹೆಸರು ಹೇಳಿಬಿಟ್ಟೆ. ಅವುಗಳಲ್ಲಿ ಮೊದಲು ಯಾವುದನ್ನು ಓದಲಿ ಎಂದು ಅವರು ಮರುಪ್ರಶ್ನೆ ಹಾಕಿದಾಗ ಮಾತ್ರ ತಡವರಿಸಬೇಕಾಯಿತು. ಇಷ್ಟವಾದದ್ದು ನೆನಪಿತ್ತೇ ಹೊರತು ಯಾವುದು ಏಕೆ ಇಷ್ಟವಾಯಿತು ಎಂಬುದು ನೆನಪಿರಲಿಲ್ಲ. ಹಾಗಾಗಿ ನಾಲ್ಕನ್ನೂ ಸಾಲಾಗಿ ಮತ್ತೆ ಓದಲು ಕುಳಿತೆ. ಪ್ರತಿ ಪುಸ್ತಕದಲ್ಲೂ ಒಂದು ಚೀಟಿ ಇಟ್ಟುಕೊಂಡು, ರಾತ್ರಿ ಓದು ನಿಲ್ಲಿಸಿದ ಪುಟವನ್ನು ಅದರಲ್ಲಿ ಗುರುತಿಸುತ್ತ ಹೋದೆ. ಮೂರರಲ್ಲಿ ಒಂದು ಭಾಗ ಮುಗಿದಾಗ ಒಮ್ಮೆ, ಎರಡು ಭಾಗ ಮುಗಿದಾಗ ಇನ್ನೊಮ್ಮೆ ನನ್ನ ಅನುಮಾನ ಯಾರ ಮೇಲಿದೆ ಎಂದು ಬರೆದಿಟ್ಟೆ. ಮೊದಲ ಸಲದ ಓದಿನ ಚೀಟಿಗಳು ಎರಡು ಪುಸ್ತಕಗಳಲ್ಲಿ ಹಾಗೆಯೇ ಉಳಿದಿದ್ದದ್ದು ಹೋಲಿಕೆಗೆ ಅನುಕೂಲವೇ ಆಯಿತು.

ಅಗಾಥಾ ಕ್ರಿಸ್ಟಿಯವರ ಜೇನ್ ಮಾರ್ಪಲ್ ಎಂಬ ವೃದ್ಧೆಯಿಂದ ಆರಂಭಿಸಿದೆ. 1927ರಲ್ಲಿ ಒಂದು ಸಣ್ಣಕಥೆಯಲ್ಲಿ ಕಾಣಿಸಿಕೊಂಡ ಈಕೆ 1930ರಲ್ಲಿ ಕಾದಂಬರಿಗೆ ಬಂದಳು. ನಾನು ಆರಿಸಿಕೊಂಡದ್ದು 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’. ಇಂಥ ಶುಕ್ರವಾರ ಸಂಜೆ ಆರೂವರೆಗೆ ಇಂಥ ಮನೆಯಲ್ಲಿ ಕೊಲೆ ನಡೆಯಲಿದೆ, ಸ್ನೇಹಿತರು ದಯಮಾಡಿಸಬೇಕು ಎಂದು ಹಳ್ಳಿಯ ಪತ್ರಿಕೆಯಲ್ಲಿ ಪ್ರಕಟವಾದ ಜಾಹೀರಾತಿನಿಂದ ಅದು ತೆರೆದುಕೊಳ್ಳುತ್ತದೆ. ಅಕ್ಕಪಕ್ಕದವರೆಲ್ಲ ಯಾವುದೋ ಆಟವಿರಬೇಕೆಂದು ಹೋಗುತ್ತಾರೆ, ದೀಪ ಆರುತ್ತದೆ, ಗುಂಡು ಹಾರುತ್ತದೆ. ಇಷ್ಟು ಸೊಗಸಾದ ಆರಂಭ ಉಳಿದ ಮೂರರಲ್ಲಿ ಯಾವುದಕ್ಕೂ ಇಲ್ಲ. ಆದರೂ ನನ್ನ ಚೀಟಿಯ ಪ್ರಕಾರ ಈ ಪುಸ್ತಕವನ್ನು ನಾನು ಮೂರು ರಾತ್ರಿ ಯಾವ ತಳಮಳವೂ ಇಲ್ಲದೆ ಮುಚ್ಚಿಟ್ಟು ಮಲಗಿದ್ದೇನೆ. ಕಾರಣ ಸರಳವಾಗಿದೆ: ಮಾರ್ಪಲ್‌ಗೆ ಏನೂ ಆಗುವುದಿಲ್ಲ. ಉಣ್ಣೆ ಹೆಣೆಯುತ್ತ ಕುಳಿತ ಆ ಅಜ್ಜಿಯ ಕೈಯಿಂದ ಒಂದು ಹೊಲಿಗೆಯೂ ತಪ್ಪುವುದಿಲ್ಲ ಎಂಬ ಭರವಸೆ ಓದುಗರಿಗೆ ಮೊದಲೇ ಸಿಕ್ಕಿಬಿಟ್ಟಿರುತ್ತದೆ.

ಹಾಗೆಂದು ಅವಳು ಗಟ್ಟಿಗಿತ್ತಿಯಲ್ಲ ಎನ್ನಲಾಗದು. ಮನುಷ್ಯ ಸ್ವಭಾವ ಎಲ್ಲ ಕಡೆಯೂ ಒಂದೇ ಎಂದು ನಂಬಿದವಳು ಆಕೆ. ಎದುರಿಗಿರುವ ಶಂಕಿತನನ್ನು ಕಂಡೊಡನೆ ತನ್ನ ಹಳ್ಳಿಯಲ್ಲಿ ಸಣ್ಣ ಕಳ್ಳತನ ಮಾಡಿ ಸಿಕ್ಕಿಬಿದ್ದ ಯಾರೋ ಒಬ್ಬರು ಅವಳಿಗೆ ನೆನಪಾಗುತ್ತಾರೆ, ಮತ್ತು ಆ ನೆನಪು ಇನ್‌ಸ್ಪೆಕ್ಟರರ ವಿಚಾರಣೆಗಿಂತ ಚುರುಕಾಗಿ ಕೆಲಸ ಮಾಡುತ್ತದೆ. ಈ ಕಾದಂಬರಿಯಲ್ಲಿ ಅದಕ್ಕೂ ಒಂದು ತೊಡಕು ಎದುರಾಗುವುದು ನನಗೆ ಹಿಡಿಸಿತು. ಯುದ್ಧ ಮುಗಿದ ಮೇಲೆ ಹಳ್ಳಿಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರು ತಾವು ಇಂಥವರೆಂದು ಹೇಳಿಕೊಂಡರೆ ನಂಬದೆ ಬೇರೆ ದಾರಿಯಿಲ್ಲ, ಹದಿನೈದು ವರ್ಷಗಳ ಹಿಂದೆ ಹೀಗಿರಲಿಲ್ಲ ಎಂದು ಮಾರ್ಪಲ್ ಹೇಳುವ ಜಾಗದಲ್ಲಿ ಇಡೀ ಕಥೆಯ ಬೀಗದ ಕೈ ಇದೆ. ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಮೊದಲ ಓದಿನಲ್ಲಿ ಒಂದು ಸಂಭಾಷಣೆಯೊಳಗೆ ಹೆಸರಿನ ಒಂದು ಅಕ್ಷರ ಬದಲಾದದ್ದನ್ನು ಕಂಡು ಅಚ್ಚಿನ ತಪ್ಪೆಂದು ಭಾವಿಸಿ, ಪೆನ್ಸಿಲ್ಲಿನಲ್ಲಿ ತಿದ್ದಿಯೂ ಬಿಟ್ಟಿದ್ದೆ. ಅದೇ ಸುಳಿವಾಗಿತ್ತು! ಎರಡನೆಯ ಓದಿನಲ್ಲಿ ನನ್ನದೇ ತಿದ್ದುಪಡಿಯನ್ನು ಕಂಡು ನಾಚಿಕೆಯಾಯಿತು. ಮತ್ತೆ ಓದಿದಾಗ ಹೆಚ್ಚು ಸುಖ ಕೊಡುವ ಪುಸ್ತಕ ಇದೇ. ಆದರೆ ಗೆಳತಿ ಕೇಳಿದ್ದ ಎದೆಬಡಿತ ಇದರಲ್ಲಿಲ್ಲ.

ಅಲ್ಲಿಂದ ಸೂ ಗ್ರಾಫ್ಟನ್ ಅವರ ಕಿನ್ಸಿ ಮಿಲ್‌ಹೋನ್ ಕಡೆಗೆ ಬಂದೆ. 1982ರ ‘ಎ ಈಸ್ ಫಾರ್ ಅಲಿಬೈ’ ಮೊದಲ ಪುಸ್ತಕ. ಅಕ್ಷರಮಾಲೆಯ ಕ್ರಮದಲ್ಲಿ ಸಾಗಿದ ಸರಣಿ 2017ರಲ್ಲಿ ‘ವೈ’ಗೆ ತಲುಪಿ, ಅದೇ ವರ್ಷ ಲೇಖಕಿ ತೀರಿಕೊಂಡದ್ದರಿಂದ ‘ಝಡ್’ ಇಲ್ಲದೆಯೇ ನಿಂತಿತು. ಕಿನ್ಸಿ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಖಾಸಗಿ ಪತ್ತೇದಾರಿಣಿ. ವಯಸ್ಸು ಮೂವತ್ತೆರಡು, ಎರಡು ವಿಚ್ಛೇದನ, ಮಕ್ಕಳಿಲ್ಲ. ಇಷ್ಟನ್ನು ಹೇಳಿದ ಬೆನ್ನಿಗೇ, ಮೊನ್ನೆ ತಾನೊಬ್ಬರನ್ನು ಕೊಂದೆನೆಂದು ಮೊದಲ ಪುಟದಲ್ಲೇ ತಿಳಿಸುತ್ತಾಳೆ. ಹೀಗೆ ಕೊನೆಯನ್ನು ಮೊದಲೇ ಬಿಟ್ಟುಕೊಟ್ಟರೆ ಕುತೂಹಲ ಸೋರಿಹೋಗಬೇಕಲ್ಲವೇ ಎಂದುಕೊಂಡಿದ್ದ ನನಗೆ ಆದದ್ದು ತದ್ವಿರುದ್ಧ ಅನುಭವ. ಆಕೆ ಬದುಕಿ ಉಳಿದಿದ್ದಾಳೆ ಎಂಬುದು ಗೊತ್ತಿದೆ, ಯಾರನ್ನು ಕೊಂದಳು ಎಂಬುದು ಗೊತ್ತಿಲ್ಲ. ಆದ್ದರಿಂದ ಅವಳು ಭೇಟಿಯಾಗುವ ಪ್ರತಿಯೊಬ್ಬರನ್ನೂ ಇವರೇ ಇರಬಹುದೇ ಎಂದು ಎರಡು ಸಲ ನೋಡುವಂತಾಗುತ್ತದೆ.

ಪ್ರಕರಣವೂ ಚೆನ್ನಾಗಿದೆ. ವಿಚ್ಛೇದನದ ಮೊಕದ್ದಮೆಗಳನ್ನು ನಡೆಸುತ್ತಿದ್ದ ವಕೀಲನೊಬ್ಬ ಅಲರ್ಜಿಯ ಮಾತ್ರೆಯೊಳಗೆ ಸೇರಿಸಿದ್ದ ಕಣಗಿಲೆಯ ವಿಷದಿಂದ ಸತ್ತಿದ್ದಾನೆ, ಅಪರಾಧ ಹೊತ್ತು ಎಂಟು ವರ್ಷ ಸೆರೆಯಲ್ಲಿದ್ದು ಪರೋಲ್ ಮೇಲೆ ಹೊರಬಂದ ಹೆಂಡತಿ, ನಿಜವಾಗಿ ಕೊಂದವರು ಯಾರೆಂದು ಹುಡುಕಿಕೊಡು ಎಂದು ಕಿನ್ಸಿಯ ಕಚೇರಿಗೆ ಬರುತ್ತಾಳೆ. ಹಳಸಿದ ಸಾಕ್ಷ್ಯಗಳನ್ನು ಕೆದಕುವ ಈ ಕೆಲಸದಲ್ಲಿ ಕಿನ್ಸಿಯ ಬಲವಿರುವುದು ಅವಳ ದುಡಿಮೆಯಲ್ಲಿ. ತಿಳಿದ ಪ್ರತಿ ಸಂಗತಿಯನ್ನೂ ಒಂದೊಂದು ಕಾರ್ಡಿನ ಮೇಲೆ ಬರೆದು, ಇಸ್ಪೀಟು ಎಲೆಗಳನ್ನು ಜೋಡಿಸಿದ ಹಾಗೆ ಹರಡಿಕೊಂಡು ನೋಡುತ್ತಾಳೆ. ಸರಣಿಯ ಕಾಲ 1980ರ ದಶಕವನ್ನು ದಾಟದ ಕಾರಣ ಮೊಬೈಲ್ ಇಲ್ಲ, ಅಂತರ್ಜಾಲವಿಲ್ಲ. ಒಂದು ವಿಳಾಸ ಬೇಕಾದರೂ ಊರೆಲ್ಲ ಅಲೆಯಬೇಕು. ಈ ಅಲೆದಾಟ ಕೆಲವೆಡೆ ಬೇಸರ ತರಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ಮಧ್ಯದ ನೂರು ಪುಟಗಳಲ್ಲಿ ನನ್ನ ಓದು ಎರಡು ಸಲ ನಿಂತಿತ್ತು. ಆದರೆ ಕೊನೆಯಲ್ಲಿ ಕತ್ತಲ ಕಡಲತೀರದಲ್ಲಿ ಓಡಿ, ಬೇರೆ ಮರೆ ಸಿಗದೆ ಕಸದ ತೊಟ್ಟಿಯೊಳಗೆ ಹುದುಗಿ ಕುಳಿತು, ಹುಡುಕಿಕೊಂಡು ಬಂದವರ ಸದ್ದನ್ನು ಅವಳು ಆಲಿಸುವ ಎರಡು ಪುಟಗಳನ್ನು ಓದುವಾಗ, ಮುಚ್ಚಳ ತೆರೆಯುತ್ತದೆ ಎಂದು ಮೊದಲೇ ಗೊತ್ತಿದ್ದ ಎರಡನೆಯ ಓದಿನಲ್ಲಿಯೂ ನಾನು ಉಸಿರು ಬಿಗಿಹಿಡಿದಿದ್ದೆ. ವೀರಾವೇಶದ ಲವಲೇಶವೂ ಇಲ್ಲದ, ಕೊಳಕು ವಾಸನೆಯ ಈ ಭಯ ನಂಬುವಂತಿದೆ.

ನಂಬಿಕೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಪಟ್ಟಿಯಲ್ಲಿ ಐದನೆಯದಾಗಿ ಸೇರಬೇಕಿದ್ದ, ಹೆಸರಿಸಲು ಇಚ್ಛಿಸದ ಒಂದು ಕಾದಂಬರಿಯನ್ನು ಅರ್ಧಕ್ಕೇ ಕೈಬಿಟ್ಟೆ. ಅದರ ನಾಯಕಿ ನಾಲ್ವರನ್ನು ಒದ್ದು ಕೆಡವಬಲ್ಲಳು, ಆದರೆ ಕೊಲೆಗಾರನಿದ್ದಾನೆಂದು ಗೊತ್ತಿದ್ದೂ ನೆಲಮಾಳಿಗೆಗೆ ಒಬ್ಬಳೇ ಇಳಿಯುತ್ತಾಳೆ, ಫೋನಿನಲ್ಲಿ ಚಾರ್ಜ್ ಕೂಡ ಇರುವುದಿಲ್ಲ. ತೋಳ್ಬಲವನ್ನು ಕೊಟ್ಟ ಲೇಖಕರು ಬುದ್ಧಿಯನ್ನು ಕಿತ್ತುಕೊಂಡರೆ ಅವಳನ್ನು ಗಟ್ಟಿಗಿತ್ತಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಟಾನಾ ಫ್ರೆಂಚ್ ಅವರ ವಿಷಯದಲ್ಲಿ ಒಂದು ಪುಸ್ತಕಕ್ಕೆ ನಿಲ್ಲಲು ಆಗಲಿಲ್ಲ. ಡಬ್ಲಿನ್ ನಗರದ ಕಾಲ್ಪನಿಕ ಕೊಲೆ ತನಿಖಾ ದಳವೊಂದರ ಸುತ್ತ ಅವರು ಬರೆದ ಕಾದಂಬರಿಗಳಲ್ಲಿ ಪ್ರತಿ ಸಲವೂ ನಿರೂಪಕರು ಬದಲಾಗುತ್ತಾರೆ. 2008ರ ‘ದಿ ಲೈಕ್‌ನೆಸ್’ನಲ್ಲಿ ಕ್ಯಾಸಿ ಮ್ಯಾಡಾಕ್ಸ್ ಕಥೆ ಹೇಳುತ್ತಾಳೆ. ಹಾಳುಬಿದ್ದ ಗುಡಿಸಲೊಂದರಲ್ಲಿ ಸಿಕ್ಕ ಶವದ ಮುಖ ಅವಳ ಮುಖದಂತೆಯೇ ಇದೆ. ಸಾಲದ್ದಕ್ಕೆ, ಕ್ಯಾಸಿ ಹಿಂದೊಮ್ಮೆ ಮಾರುವೇಷದ ಕಾರ್ಯಾಚರಣೆಗೆಂದು ಧರಿಸಿ ಬಿಟ್ಟಿದ್ದ ಸುಳ್ಳು ಹೆಸರನ್ನೇ ಸತ್ತವಳು ಇಟ್ಟುಕೊಂಡಿದ್ದಳು. ಸತ್ತವಳು ಗಾಯಗೊಂಡು ಬದುಕಿದಳೆಂದು ಸುದ್ದಿ ಹಬ್ಬಿಸಿ, ಕ್ಯಾಸಿಯನ್ನು ಅವಳ ಜಾಗದಲ್ಲಿ ನಾಲ್ವರು ಸಹವಾಸಿಗಳಿರುವ ಹಳೆಯ ಮನೆಗೆ ಕಳುಹಿಸುತ್ತಾರೆ. ಇಷ್ಟೊಂದು ಹೋಲಿಕೆ ಸಾಧ್ಯವೇ ಎಂಬ ತಕರಾರು ನ್ಯಾಯವಾದದ್ದೇ, ಮೊದಲ ಐವತ್ತು ಪುಟ ನಾನೂ ಮೂಗು ಮುರಿದಿದ್ದೆ. ಆದರೆ ಆ ಒಂದು ಸುಳ್ಳನ್ನು ಒಪ್ಪಿಕೊಂಡರೆ ಪ್ರತಿ ಊಟದ ಮೇಜೂ ಪರೀಕ್ಷೆಯ ಕೋಣೆಯಾಗುತ್ತದೆ. ಗಾಯದ ಪಟ್ಟಿಯ ಕೆಳಗೆ ಬಚ್ಚಿಟ್ಟ ಮೈಕ್ ಅವಳ ಪ್ರತಿ ಮಾತನ್ನೂ ಮೇಲಧಿಕಾರಿಗೆ ಮುಟ್ಟಿಸುತ್ತಿರುತ್ತದೆ. ಸತ್ತವಳು ಹೇಗೆ ನಗುತ್ತಿದ್ದಳು, ಯಾರ ಪಕ್ಕ ಕೂರುತ್ತಿದ್ದಳು ಎಂಬಷ್ಟರಲ್ಲಿ ತಪ್ಪಿದರೂ ಕಥೆ ಮುಗಿಯಿತು. ಇದಕ್ಕಿಂತ ಭಯಂಕರವಾದದ್ದು, ಕ್ಯಾಸಿಗೆ ಆ ಮನೆ ಇಷ್ಟವಾಗತೊಡಗುವುದು. ಯಾರನ್ನು ಹಿಡಿಯಲು ಬಂದಳೋ ಅವರ ನಡುವೆಯೇ ಉಳಿದುಬಿಡುವ ಆಸೆ ಅವಳಲ್ಲಿ ಮೊಳೆಯುತ್ತಿದೆ ಎಂದು ಅರಿವಾದ ರಾತ್ರಿ ನನ್ನ ಚೀಟಿಯಲ್ಲಿ ಪುಟಸಂಖ್ಯೆ ಇಲ್ಲ, ಏಕೆಂದರೆ ಓದು ನಿಂತಾಗ ಬೆಳಕು ಹರಿದಿತ್ತು.

2016ರ ‘ದಿ ಟ್ರೆಸ್‌ಪಾಸರ್’ನ ಆಂಟೊನೆಟ್ ಕಾನ್ವೆ ಇನ್ನೂ ಬಿರುಸು. ದಳದಲ್ಲಿ ಉಳಿದಿರುವ ಏಕೈಕ ಹೆಂಗಸು, ಸಹೋದ್ಯೋಗಿಗಳ ಕಿರುಕುಳಕ್ಕೆ ದಿನವೂ ಎದೆಯೊಡ್ಡಿ ನಿಂತವಳು. ಇಬ್ಬರ ಊಟಕ್ಕೆ ಸಿಂಗರಿಸಿದ ಮೇಜು, ಪಕ್ಕದಲ್ಲೇ ಯುವತಿಯ ಶವ. ಊಟಕ್ಕೆ ಬರಬೇಕಿದ್ದ ಗೆಳೆಯನನ್ನು ಬೇಗ ಬಂಧಿಸಿ ಕೈತೊಳೆದುಕೊಳ್ಳಿ ಎಂದು ಹಿರಿಯ ಪತ್ತೇದಾರನೊಬ್ಬ ಅವಸರಿಸುತ್ತಾನೆ. ಇಲ್ಲಿ ಗುಂಡು, ಬೆನ್ನಟ್ಟುವಿಕೆ ಬಹಳ ಕಡಿಮೆ. ವಿಚಾರಣಾ ಕೋಣೆಯಲ್ಲಿ ಮೂರ್ನಾಲ್ಕು ಮಂದಿ ಮಾತಾಡುತ್ತ ಕುಳಿತಿರುವ ದೀರ್ಘ ಅಧ್ಯಾಯಗಳೇ ಕಥೆಯ ಬೆನ್ನೆಲುಬು. ಪ್ರಶ್ನೆ ಕೇಳುವವಳ ದನಿ ಎಲ್ಲಿ ಮೆತ್ತಗಾಗುತ್ತದೆ, ಎಲ್ಲಿ ಬೇಕೆಂದೇ ದಡ್ಡತನ ನಟಿಸುತ್ತದೆ ಎಂಬುದನ್ನು ಗಮನಿಸುವುದರಲ್ಲಿಯೇ ನನಗೆ ಬೆವರು ಬಂದಿತ್ತು. ಕಿನ್ಸಿ ನಡೆದುಹೋದದ್ದನ್ನು ವರದಿಯಂತೆ ಒಪ್ಪಿಸಿದರೆ ಕಾನ್ವೆ ವರ್ತಮಾನದಲ್ಲಿಯೇ ಮಾತಾಡುತ್ತಾಳೆ, ಆದ್ದರಿಂದ ಮುಂದಿನ ವಾಕ್ಯದ ಭರವಸೆ ಅವಳಿಗೂ ಇಲ್ಲ, ನಮಗೂ ಇಲ್ಲ. ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆ ಎಂಬ ಅವಳ ಅನುಮಾನದಲ್ಲಿ ಎಷ್ಟು ನಿಜ, ಎಷ್ಟು ಗಾಯಗೊಂಡ ಮನಸ್ಸಿನ ಕಲ್ಪನೆ ಎಂಬುದನ್ನೂ ಓದುಗರೇ ತೂಗಿ ನೋಡಬೇಕು. ಪತ್ತೇದಾರಿಣಿಯ ಮೇಲೆಯೇ ಪತ್ತೇದಾರಿಕೆ ನಡೆಸುವ ಈ ಅವಕಾಶ ಬೇರೆ ಮೂವರು ಲೇಖಕಿಯರಲ್ಲಿ ನನಗೆ ಸಿಗಲಿಲ್ಲ.

ಸುಜಾತಾ ಮ್ಯಾಸ್ಸಿ ಅವರ ‘ದಿ ವಿಡೋಸ್ ಆಫ್ ಮಲಬಾರ್ ಹಿಲ್’ (2018) ರೋಚಕತೆಯ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ, ಬೇರೊಂದು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದೆ. 1921ರ ಮುಂಬಯಿ, ತಂದೆಯ ಕಚೇರಿಯಲ್ಲಿ ವಕೀಲಿ ಕೆಲಸ ನೋಡುವ ಪರ್ವೀನ್ ಮಿಸ್ತ್ರಿ ಎಂಬ ಪಾರ್ಸಿ ತರುಣಿ. ಗೋಷಾದಲ್ಲಿರುವ ಮೂವರು ವಿಧವೆಯರು ತಮ್ಮ ಪಾಲಿನ ಆಸ್ತಿಯನ್ನೆಲ್ಲ ದಾನಕ್ಕೆ ಬಿಟ್ಟುಕೊಟ್ಟ ಕಾಗದ ಅವಳ ಮುಂದಿದೆ, ಅದರಲ್ಲಿ ಒಬ್ಬಾಕೆಯ ಸಹಿಯ ಜಾಗದಲ್ಲಿ ಬರಿಯ ಕತ್ತರಿ ಗುರುತು. ಓದಲು ಬಾರದವಳು ಯಾವುದಕ್ಕೆ ಒಪ್ಪಿದಳು ಎಂಬ ಪ್ರಶ್ನೆ ಪರ್ವೀನಳನ್ನು ಆ ಮನೆಗೆ ಎಳೆಯುತ್ತದೆ, ಮನೆಯಲ್ಲಿ ಕೊಲೆಯಾಗುತ್ತದೆ. ಪೊಲೀಸರು ಅಂತಃಪುರದ ಹೊಸ್ತಿಲಲ್ಲಿ ನಿಲ್ಲಬೇಕು. ಇವಳು ಒಳಗೆ ಹೋಗಬಲ್ಲಳು. ನ್ಯಾಯಾಲಯದಲ್ಲಿ ವಾದಿಸಲು ಇವಳಿಗೆ ಅವಕಾಶವಿಲ್ಲ. ಭಾರತದಲ್ಲಿ ಹೆಂಗಸರ ವಕೀಲಿಕೆಗಿದ್ದ ಅಡ್ಡಿಯನ್ನು ತೆಗೆದ ಕಾಯಿದೆ ಬಂದದ್ದು 1923ರಲ್ಲಿ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ, ಗೋಷಾದ ಹೆಂಗಸರ ಪರವಾಗಿ ವರ್ಷಗಟ್ಟಲೆ ದುಡಿದ ಕಾರ್ನೆಲಿಯಾ ಸೊರಾಬ್ಜಿ (1866-1954) ಅವರ ಬದುಕು ಈ ಪಾತ್ರಕ್ಕೆ ಪ್ರೇರಣೆ. 1864ರಷ್ಟು ಹಿಂದೆ, ಬ್ರಿಟನ್ನಿನ ಪೊಲೀಸ್ ಪಡೆಯಲ್ಲಿ ಒಬ್ಬ ಹೆಂಗಸೂ ಇಲ್ಲದಿದ್ದ ಕಾಲದಲ್ಲಿ ಅಚ್ಚಾದ ‘ದಿ ಫೀಮೇಲ್ ಡಿಟೆಕ್ಟಿವ್’ನ ನಿರೂಪಕಿಯೂ ಗಂಡಸರಿಗೆ ಸಿಗದ ಒಳಮನೆಯ ನೋಟ ತನಗೆ ಸಿಗುತ್ತದೆ ಎಂದೇ ಹೇಳಿಕೊಂಡಿದ್ದಳು. ಆ ಹಳೆಯ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಕಥೆಯ ಕೀಲಾಗಿಸಿದ್ದನ್ನು ನಾನು ಬೇರೆಡೆ ಕಂಡಿಲ್ಲ. ಪರ್ವೀನಳ ಕಹಿ ದಾಂಪತ್ಯವನ್ನು ಹೇಳಲು ಕಥೆ ಪದೇ ಪದೇ ಕೆಲವು ವರ್ಷ ಹಿಂದಕ್ಕೆ ಹೋಗುವುದರಿಂದ ಕೊಲೆಯ ಬಿಸಿ ಆರುತ್ತದೆ ಎಂಬುದೊಂದೇ ನನ್ನ ದೂರು. ಆ ಭಾಗಗಳೇ ಹೆಚ್ಚು ಚೆನ್ನಾಗಿವೆ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ.

ನನ್ನ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಪತ್ತೇದಾರಿಣಿ ಎಷ್ಟು ಸುರಕ್ಷಿತಳೋ ನನ್ನ ನಿದ್ದೆಯೂ ಅಷ್ಟೇ ಸುರಕ್ಷಿತವಾಗಿತ್ತು. ಆದರೆ ಅವಳಿಗೆ ಒದಗುವ ಅಪಾಯ ಚಾಕುವಿನದೇ ಆಗಬೇಕಿರಲಿಲ್ಲ: ಕ್ಯಾಸಿ ತನ್ನನ್ನೇ ಕಳೆದುಕೊಳ್ಳುವ ಅಂಚಿನಲ್ಲಿದ್ದಳು, ಕಾನ್ವೆ ತನ್ನ ನೌಕರಿಯ ಜೊತೆಗೆ ತನ್ನ ತೀರ್ಮಾನದ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಿದ್ದಳು, ನನ್ನನ್ನು ಎಚ್ಚರವಾಗಿಟ್ಟದ್ದು ಕಸದ ತೊಟ್ಟಿಯ ಭಯಕ್ಕಿಂತ ಇವೇ ಹೆಚ್ಚು. ಆದ್ದರಿಂದ ಒಗಟು ಬಿಡಿಸುವ ಸುಖ ಬೇಕೆನ್ನುವವರಿಗೆ ಮಾರ್ಪಲ್, ವರ್ಷಗಟ್ಟಲೆ ಜೊತೆಗೆ ಬರುವ ಗೆಳತಿಯಂಥ ಸರಣಿ ಬೇಕೆನ್ನುವವರಿಗೆ ಕಿನ್ಸಿ, ಕಾಲದ ಮತ್ತು ಕಾನೂನಿನ ಒಳಮನೆ ನೋಡಬೇಕೆನ್ನುವವರಿಗೆ ಪರ್ವೀನ್ ಎಂದು ಹೇಳುತ್ತೇನೆ. ಎದೆಬಡಿತವನ್ನೇ ಕೇಳಿದವರಿಗೆ ಫ್ರೆಂಚ್. ಅವರ ಎರಡರಲ್ಲಿ ಅಸಂಭವದ ತಕರಾರು ಏಳದಿರುವುದು ‘ದಿ ಟ್ರೆಸ್‌ಪಾಸರ್’ನಲ್ಲಿ.

ಗೆಳತಿಗೆ ಅದನ್ನೇ ಕೊಟ್ಟೆ. ಕೊಡುವ ಮೊದಲು ಒಳಗಿದ್ದ ಚೀಟಿಯನ್ನು ಮಾತ್ರ ತೆಗೆದಿಟ್ಟುಕೊಂಡೆ. ಮೊದಲ ಓದಿನಲ್ಲಿ ನಾನು ಅದರಲ್ಲಿ ಬರೆದಿದ್ದ ಎರಡೂ ಹೆಸರುಗಳು ತಪ್ಪಾಗಿದ್ದವು, ಆದರೆ ತಪ್ಪಾದ ಎರಡು ಹೆಸರುಗಳು ಗೊತ್ತಾದರೂ ಉಳಿಯುವವರ ಸಂಖ್ಯೆ ಕಡಿಮೆಯಾಗುತ್ತದೆ.