ಗೇರುಬೀಜದ ಹಿಟ್ಟಿಗೆಂದು ತಂದ ಮಿಕ್ಸಿ: ಮೂರು ವರ್ಷದ ನಂತರ

ಈ ಮಿಕ್ಸಿ ತಂದದ್ದು ಚಟ್ನಿಗಲ್ಲ. ಕೇಕಿಗೆ ಹಾಕುವ ಬಾದಾಮಿ ಹಿಟ್ಟಿನ ಸಣ್ಣ ಪ್ಯಾಕೆಟಿನ ರೇಟು ನೋಡಿ ಹೊಟ್ಟೆ ಉರಿದು ತಂದದ್ದು. ಮಂಗಳೂರಲ್ಲಿ, ಗೇರುಬೀಜದ ಊರಲ್ಲಿ ಕೂತು ಹಿಟ್ಟನ್ನು ಹೊರಗಿನಿಂದ ತರಿಸುವುದೇ? ಮೋಟಾರು ಎಷ್ಟು ವ್ಯಾಟಿನದು, ಜಾರ್ ಎಷ್ಟು ಎಂಬುದೆಲ್ಲ ಡಬ್ಬದ ಮೇಲೇ ಇದೆ. ನನಗೆ ಬೇಕಿದ್ದದ್ದು ಸಣ್ಣ ಜಾರ್ ಮಾತ್ರ.

ಮೊದಲ ಎರಡು ವರ್ಷ ಖುಷಿಯೋ ಖುಷಿ. ಶನಿವಾರ ಸಂಜೆ ಅದೇ ಕೆಲಸ. ತುಂಡು ಬೀಜವೇ ತರುತ್ತೇನೆ. ಪುಡಿ ಮಾಡುವುದಕ್ಕೆ ಡಬ್ಲ್ಯೂ-320 ದರ್ಜೆಯ ಇಡೀ ಬೀಜ ಯಾಕೆ? ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಹೊರಗೆ ತೆಗೆದ ಕೂಡಲೇ ಜಾರಿಗೆ. ತಡಮಾಡಿದರೆ ನಮ್ಮ ಸೆಕೆಗೆ ಬೀಜ ಬೆವರುತ್ತದೆ. ಒಂದು ಸಲಕ್ಕೆ ಎರಡು ಮುಷ್ಟಿ, ಜೊತೆಗೆ ಒಂದು ಚಮಚ ಸಕ್ಕರೆ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡಬೇಕು, ಟರ್ ಟರ್ ಎಂದು ಎರಡೆರಡು ಸೆಕೆಂಡು. ಜಾರ್ ಎತ್ತಿ ಕುಲುಕಬೇಕು. ಮತ್ತೆ ಟರ್. ಗೇರುಬೀಜದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕೊಬ್ಬೇ ಇರುವುದು. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಹಿಟ್ಟಿನ ಬದಲು ಬೆಣ್ಣೆ ಸಿಗುತ್ತದೆ. (ಸಿಕ್ಕಿದೆ. ಮಕ್ಕಳು ಬನ್ಸಿಗೆ ಸವರಿಕೊಂಡು ತಿಂದರು.) ಆಮೇಲೆ ಜರಡಿ, ಉಳಿದ ತರಿ ಮತ್ತೆ ಜಾರಿಗೆ. ಬಾದಾಮಿಯ ರಗಳೆ ಜಾಸ್ತಿ. ಬಿಸಿನೀರಲ್ಲಿ ಹಾಕಿ, ಸಿಪ್ಪೆ ಸುಲಿದು, ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ!

ಕೇಕಿಗೆ 200 ಗ್ರಾಂ ಹಿಟ್ಟು, 3 ಮೊಟ್ಟೆ, 120 ಗ್ರಾಂ ಸಕ್ಕರೆ, ಏಲಕ್ಕಿ. ಓವನ್ 160 ಡಿಗ್ರಿ, ಅದಕ್ಕಿಂತ ಜಾಸ್ತಿ ಬೇಡ, ಬೇಗ ಕರಟುತ್ತದೆ. ಮೈದಾದ ಅಂಟು ಇದಕ್ಕಿಲ್ಲ. ಮೊಟ್ಟೆ ಚೆನ್ನಾಗಿ ನೊರೆ ಬರಬೇಕು, ಆರುವ ಮೊದಲು ಕೊಯ್ಯಬಾರದು.

ಹೋದ ಜುಲೈಯಲ್ಲಿ ಹಿಟ್ಟಿನಲ್ಲಿ ಒಂದು ಬೂದು ಗೆರೆ ಕಂಡಿತು. ಬೆರಳಲ್ಲಿ ಉಜ್ಜಿದರೆ ಕಪ್ಪು ಜಿಡ್ಡು. ಬ್ಲೇಡಿನ ಕೆಳಗಿನ ಬುಷ್ (ಬ್ಲೇಡಿನ ಕಡ್ಡಿ ತಿರುಗುವ ಸಣ್ಣ ಕೊಳವೆ) ಸವೆದು ಕೊಳೆ ಮೇಲೆ ಬರುತ್ತಿತ್ತು. ಅರ್ಧ ಕಿಲೋ ಹಿಟ್ಟು ತೆಂಗಿನ ಬುಡಕ್ಕೆ ಹೋಯಿತು. ಹೋಗಲಿ. ಅದೇ ಜಾರಿನಲ್ಲಿ ದಿನಾ ಬ್ಯಾಡಗಿ ಮೆಣಸು ಹಾಕಿ ಗಸಿಗೆ, ಪುಳಿಮುಂಚಿಗೆ ಅರೆಯುತ್ತಿದ್ದೆನಲ್ಲ! ಕೆಂಪು ಮಸಾಲೆಯಲ್ಲಿ ಅದು ಎಲ್ಲಿ ಕಾಣಬೇಕು? ಎಷ್ಟು ತಿಂಗಳು ತಿಂದೆವೋ. ಗೇರುಬೀಜ ಬೆಳ್ಳಗಿದ್ದದ್ದಕ್ಕೆ ಗೊತ್ತಾಯಿತು.

ಸರ್ವಿಸ್ ಸೆಂಟರಿನವರು ಹೊಸ ಜಾರೇ ತಗೊಳ್ಳಿ ಎಂದರು, 900 ರೂಪಾಯಿ. ನಮ್ಮ ರಸ್ತೆಯ ರಿಪೇರಿಯವರು ಜಾರ್ ತಿರುಗಿಸಿ ನೋಡಿ, "ಎಂತ ಅಕ್ಕ, ಇದನ್ನು ನೀರಲ್ಲಿ ಮುಳುಗಿಸಿ ಇಡ್ತೀರಾ?" ಎಂದು ಕೇಳಿದರು. ಇಡುತ್ತಿದ್ದೆ, ರಾತ್ರಿಯಿಡೀ. ಅರ್ಧ ತಪ್ಪು ನನ್ನದೇ ಅನ್ನಿ. ಆದರೆ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬರೆಯಲು ಏನಾಗಿತ್ತು? ಬ್ಲೇಡು, ಬುಷ್ ಎರಡೂ ಹೊಸದು ಹಾಕಿ 250 ತೆಗೆದುಕೊಂಡರು.

ಮೋಟಾರಿನ ಬಗ್ಗೆ ದೂರಿಲ್ಲ. 4,500 ಕೊಟ್ಟದ್ದಕ್ಕೆ ಮೋಸವೂ ಇಲ್ಲ. ನಿಮ್ಮ ಮನೆಯ ಮಿಕ್ಸಿ ಯಾವುದೇ ಇರಲಿ, ಒಣ ಜಾರಿನಲ್ಲಿ ಎರಡು ಚಮಚ ಸಕ್ಕರೆ ತಿರುಗಿಸಿ ಬಿಳಿ ಕಾಗದದ ಮೇಲೆ ಸುರಿದು ನೋಡಿ. ನಾನು ತಿಂಗಳಿಗೊಮ್ಮೆ ನೋಡುತ್ತೇನೆ. ಏಳು ತಿಂಗಳಾಯಿತು, ಸಕ್ಕರೆ ಇನ್ನೂ ಬೆಳ್ಳಗೇ ಇದೆ.