ಒಂದೇ ಶರ್ಮನ್, ಎರಡು ಮಗ್ಗುಲು: ಬ್ರಷ್, ಏರ್‌ಬ್ರಷ್, ಡೆಕಾಲ್

ನನ್ನ ಮೇಜಿನ ಮೇಲೆ ಎರಡನೇ ಮಹಾಯುದ್ಧದ ಅಮೆರಿಕನ್ ಶರ್ಮನ್ ಟ್ಯಾಂಕ್‌ನ 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಒಂದಿದೆ. ಅದರ ಎಡ ಮಗ್ಗುಲಿಗೆ ಬ್ರಷ್‌ನಲ್ಲಿ ಬಣ್ಣ ಬಳಿದಿದ್ದೇನೆ, ಬಲ ಮಗ್ಗುಲಿಗೆ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಹೊಡೆದಿದ್ದೇನೆ. ಎರಡೂ ಕಡೆ ಹಲ್ (ಟ್ಯಾಂಕಿನ ಕೆಳಗಿನ ಒಡಲು) ಮೇಲೆ ಬಿಳಿ ನಕ್ಷತ್ರ ಬರುವ ಜಾಗಕ್ಕೆ ಮೊದಲು ಹೊಳಪು ವಾರ್ನಿಶ್ ಕೊಟ್ಟು, ಆಮೇಲೆ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಚಿತ್ರ, ಹಾಕಿದೆ. ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಮೇಲಿನ ನಕ್ಷತ್ರಗಳನ್ನು ನೇರವಾಗಿ ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆಯೇ ಕೂರಿಸಿದೆ. ಯಾವುದು ಹೇಗೆ ಬರುತ್ತದೆ ಅಂತ ಒಂದೇ ಮಾಡೆಲ್‌ನಲ್ಲಿ ನೋಡಬೇಕಿತ್ತು.

ಮುಗಿದ ಮೇಲೆ ನನ್ನ ಹೆಂಡತಿಯ ತಮ್ಮನ ಕೈಗೆ ಕೊಟ್ಟೆ. ಅವನಿಗೆ ಈ ಹವ್ಯಾಸದ ಗಂಧವಿಲ್ಲ. ಎರಡು ಸಲ ತಿರುಗಿಸಿ ನೋಡಿದ. "ಭಾವ, ಮೇಲಿನ ಸ್ಟಾರ್ ಸ್ಟಿಕ್ಕರ್ ಅಲ್ವಾ? ಕೆಳಗಿನದು ಪೇಂಟ್ ಮಾಡಿದ್ದೀರಾ?" ಅಂದ. ಯಾವ ಮಗ್ಗುಲು ಬ್ರಷ್, ಯಾವುದು ಏರ್‌ಬ್ರಷ್ ಅಂತ ಕೇಳಿದೆ. ಅವನಿಗೆ ಗೊತ್ತಾಗಲಿಲ್ಲ. ನಾನು ಹೇಳಬೇಕೆಂದಿರುವುದೂ ಇದನ್ನೇ. ನಾವು ಬಣ್ಣ ಹಚ್ಚುವ ಸಾಧನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇವೆ, ಡೆಕಾಲ್ ಅಡಿಯ ಕೋಟ್ ಬಗ್ಗೆ ಕಡಿಮೆ.

ಮೊದಲು ಬ್ರಷ್. ನಾನು ಬಳಸಿದ್ದು ವ್ಯಾಲೆಹೋ ಮಾಡೆಲ್ ಕಲರ್. ಇದು ನೀರಿನಲ್ಲಿ ಬೆರೆಯುವ ಅಕ್ರಿಲಿಕ್, ಬ್ರಷ್ ಕೆಲಸಕ್ಕೆಂದೇ ಮಾಡಿದ್ದು. ಬರೀ ಪ್ಲಾಸ್ಟಿಕ್ ಮೇಲೆ ನೀರಿನ ಬಣ್ಣ ಹಿಡಿಯುವುದಿಲ್ಲ, ಅಡಿಗೆ ಪ್ರೈಮರ್ ಎಂಬ ಮೊದಲ ಕೋಟ್ ಬೇಕೇ ಬೇಕು. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, ಅಗಲವಾದ ಮೆತ್ತನೆ ಬ್ರಷ್‌ನಲ್ಲಿ ನಾಲ್ಕು ಕೋಟ್ ಕೊಟ್ಟೆ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ಬಿಟ್ಟೆ. ಮೊದಲ ಕೋಟ್ ನೋಡಿದರೆ ಎದೆ ಒಡೆಯುತ್ತದೆ, ತೇಪೆ ತೇಪೆಯಾಗಿ ಕಾಣುತ್ತದೆ. ಅಲ್ಲಿ ಗಾಬರಿಯಾಗಿ ದಪ್ಪಗೆ ಬಳಿದವರ ಮಾಡೆಲ್ ಕೆಡುತ್ತದೆ. ಮೂರನೆಯ ಕೋಟ್ ಹೊತ್ತಿಗೆ ಎಲ್ಲ ಒಂದಾಗುತ್ತದೆ. ಅಲ್ಪಸ್ವಲ್ಪ ಏರುಪೇರು ಉಳಿದರೂ ಟ್ಯಾಂಕ್‌ಗೆ ಅದು ಒಪ್ಪುತ್ತದೆ. ಮಣ್ಣು, ಬಿಸಿಲು, ಮಳೆ ತಿಂದ ಉಕ್ಕು ಎಲ್ಲಿಯೂ ಒಂದೇ ಬಣ್ಣಕ್ಕೆ ಇರುವುದಿಲ್ಲ.

ಏರ್‌ಬ್ರಷ್‌ಗೆ ಟಮಿಯಾ ಕಂಪನಿಯ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ (ಮಂಕು ಹಸಿರು) ತೆಗೆದುಕೊಂಡೆ. ಬಣ್ಣ ಅರ್ಧ, ಥಿನ್ನರ್ ಅರ್ಧ. 0.3 ಮಿ.ಮೀ. ನಳಿಗೆ, 15ರಿಂದ 20 ಪಿಎಸ್‌ಐ ಒತ್ತಡ. ಹತ್ತು ನಿಮಿಷದಲ್ಲಿ ಮಗ್ಗುಲು ಮುಗಿಯಿತು, ತೊಳೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಬಣ್ಣದ ಪದರ ಎಷ್ಟು ತೆಳುವೆಂದರೆ ಸಣ್ಣ ಬೋಲ್ಟ್‌ನ ತಲೆ ಕೂಡ ಚೂಪಾಗಿಯೇ ಉಳಿಯಿತು. ಆದರೆ ನಮ್ಮದು ಮಲ್ಲೇಶ್ವರದಲ್ಲಿ ಎರಡು ಕೋಣೆಯ ಮನೆ. ಕಂಪ್ರೆಸರ್ ಸದ್ದು ರಾತ್ರಿ ಒಂಬತ್ತರ ಮೇಲೆ ಕೆಳಗಿನ ಮನೆಯವರಿಗೆ ತೊಂದರೆ. ಮಾಸ್ಕ್ ಹಾಕಿ, ಕಿಟಕಿಗೆ ಫ್ಯಾನ್ ಕಟ್ಟಿ ಕೂರಬೇಕು. ಭಾನುವಾರ ಬೆಳಿಗ್ಗೆ ಮಾತ್ರ ಆಗುವ ಕೆಲಸ ಇದು.

ಆಲಿವ್ ಡ್ರ್ಯಾಬ್‌ನಂಥ ಒಂದೇ ಬಣ್ಣದ ಟ್ಯಾಂಕ್‌ಗೆ ಬ್ರಷ್ ಸಾಕು. ಜರ್ಮನ್ ಟ್ಯಾಂಕ್ ಮಾಡುವವರಿಗೆ ಮಾತ್ರ ನಾನು ಏರ್‌ಬ್ರಷ್ ಅನ್ನುತ್ತೇನೆ. 1943ರ ಫೆಬ್ರವರಿಯಲ್ಲಿ ಅವರ ಮೂಲ ಬಣ್ಣ ಗಾಢ ಬೂದುವಿನಿಂದ ಕಡು ಹಳದಿಗೆ ಬದಲಾಯಿತು. ಅದರ ಮೇಲೆ ಸೈನಿಕರೇ ಕೆಂಗಂದು, ಹಸಿರು ಪಟ್ಟೆಗಳನ್ನು ಸ್ಪ್ರೇ ಮಾಡಿಕೊಳ್ಳುತ್ತಿದ್ದರು. ಆ ಮಸುಕು ಅಂಚು ಬ್ರಷ್‌ನಲ್ಲಿ ನನಗೆ ಇವತ್ತಿಗೂ ಬಂದಿಲ್ಲ.

ಸ್ಪ್ರೇ ಕ್ಯಾನ್ ಬಗ್ಗೆ ಒಂದೇ ಮಾತು. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಪ್ರೈಮರ್‌ಗೆ ಚೆನ್ನ. ಮಳೆಗಾಲದಲ್ಲಿ ಬೇಡ. ಗಾಳಿಯ ತೇವ ಒದ್ದೆ ಲ್ಯಾಕರ್ ಮೇಲೆ ಕೂತು ಬೆಳ್ಳಗೆ ಮಂಜು ಹಿಡಿಯುತ್ತದೆ. ಕಳೆದ ಆಗಸ್ಟ್‌ನಲ್ಲಿ ಒಂದು ಇಡೀ ಹಲ್ ಹಾಗೆ ಹಾಳಾಯಿತು.

ಈಗ ಡೆಕಾಲ್. ಮ್ಯಾಟ್ ಬಣ್ಣ ಕೈಗೆ ನುಣುಪು ಅನ್ನಿಸಿದರೂ ನಿಜಕ್ಕೂ ಉಪ್ಪುಕಾಗದದ ಹಾಗೆ ಒರಟು. ಡೆಕಾಲ್‌ನ ಪೊರೆ ಆ ಉಬ್ಬುಗಳ ತುದಿಯಲ್ಲಷ್ಟೇ ಕೂರುತ್ತದೆ, ತಗ್ಗಿನಲ್ಲಿ ಗಾಳಿ ಉಳಿಯುತ್ತದೆ. ಬೆಳಕು ಬಿದ್ದಾಗ ಆ ಗಾಳಿಯೇ ಬೆಳ್ಳಿಯ ಹಾಗೆ ಮಿನುಗುತ್ತದೆ. ನನ್ನ ಟರೆಟ್ ಮೇಲೆ ಆದದ್ದು ಅದೇ. ಒಣಗಿದ ಮೇಲೆ ಸೂಜಿಯಲ್ಲಿ ಚುಚ್ಚಿ ಡೆಕಾಲ್ ಮೆತ್ತಗೆ ಮಾಡುವ ದ್ರಾವಣ ಬಿಟ್ಟೆ. ಅರ್ಧದಷ್ಟು ಸರಿಹೋಯಿತು, ಪೂರ್ತಿ ಹೋಗಲಿಲ್ಲ.

ಹಲ್ ಮೇಲಿನ ನಕ್ಷತ್ರದ ಕಥೆಯೇ ಬೇರೆ. ಟಮಿಯಾ ಎಕ್ಸ್-22 ಕ್ಲಿಯರ್ ಎರಡು ತೆಳು ಕೋಟ್ ಕೊಟ್ಟು ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಆಮೇಲೆ ಕೂರಿಸುವ ಜಾಗಕ್ಕೆ ಮೈಕ್ರೋ ಸೆಟ್ ಎಂಬ, ಡೆಕಾಲ್ ಹಿಡಿಸುವ ದ್ರಾವಣ ಸವರಿ, ಡೆಕಾಲ್ ಜಾರಿಸಿ, ಹತ್ತಿಯಲ್ಲಿ ನಡುವಿನಿಂದ ಅಂಚಿಗೆ ಮೆಲ್ಲಗೆ ಒತ್ತಿದೆ. ಹತ್ತು ನಿಮಿಷ ಬಿಟ್ಟು ಮೇಲೆ ಮೈಕ್ರೋ ಸಾಲ್. ಇದು ಪೊರೆಯನ್ನೇ ಮೆತ್ತಗೆ ಮಾಡುತ್ತದೆ. ನೋಡನೋಡುತ್ತಾ ನಕ್ಷತ್ರ ಹಪ್ಪಳದ ಹಾಗೆ ಸುಕ್ಕುಗಟ್ಟಿತು. ಆ ಹೊತ್ತಿನಲ್ಲಿ ಮುಟ್ಟಲೇಬಾರದು. ಎದ್ದು ಹೋಗಿ ಕಾಫಿ ಕುಡಿದು ಬಂದೆ. ಸುಕ್ಕೆಲ್ಲ ತಾನಾಗಿ ಇಳಿದು, ವೆಲ್ಡಿಂಗ್ ಗೆರೆಯ ಮೇಲೂ ಚರ್ಮದ ಹಾಗೆ ಅಂಟಿಕೊಂಡಿತ್ತು. ಕೊನೆಗೆ ಇಡೀ ಟ್ಯಾಂಕ್‌ಗೆ ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಪೊರೆಯ ಅಂಚು ನನಗೇ ಕಾಣಲಿಲ್ಲ.

ಅಡುಗೆಮನೆಯ ವಿನೆಗರ್‌ಗೆ ನೀರು ಬೆರೆಸಿಯೂ ನೋಡಿದೆ. ಮೈಕ್ರೋ ಸೆಟ್ ಬದಲಿಗೆ ನಡೆಯುತ್ತದೆ. ಸಾಲ್ ಮಾಡುವ ಕೆಲಸ ಅದರಿಂದ ಆಗುವುದಿಲ್ಲ.

ನಮ್ಮ ಸೇನೆಯ ಟ್ಯಾಂಕ್ ಮಾಡುವವರಿಗೆ ಇನ್ನೊಂದು ಕಷ್ಟವಿದೆ. ಬೇಕಾದ ಗುರುತು ಪೆಟ್ಟಿಗೆಯಲ್ಲಿ ಬರುವುದಿಲ್ಲ. 1971ರ ಡಿಸೆಂಬರ್ 16ರಂದು, ಪಾಕಿಸ್ತಾನದ ವಿರುದ್ಧದ ಬಸಂತರ್ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಕೊನೆಯವರೆಗೂ ಬಿಡದೆ ಹೋರಾಡಿದ ಸೆಂಚೂರಿಯನ್ ಟ್ಯಾಂಕ್‌ನ ಹೆಸರು ಫಾಮಾಗುಸ್ಟಾ. ಆಗ ಅವರಿಗೆ 21 ವರ್ಷ. ಆ ಟ್ಯಾಂಕ್ ಮಾಡಬೇಕು ಅನ್ನುವುದು ನನ್ನ ಬಹಳ ದಿನಗಳ ಆಸೆ.

ಮೊದಲು ಡೆಕಾಲ್ ಹಾಳೆಯ ಮೇಲೆ ಹೆಸರು ಪ್ರಿಂಟ್ ಮಾಡಿಸಲು ಹೋದೆ. ಸಾಮಾನ್ಯ ಪ್ರಿಂಟರ್‌ನಲ್ಲಿ ಬಿಳಿ ಬಣ್ಣವೇ ಇರುವುದಿಲ್ಲ. ಬಿಳಿ ಹಾಳೆಯ ಮೇಲೆ ಅಕ್ಷರದ ಸುತ್ತ ಹಸಿರು ಪ್ರಿಂಟ್ ಮಾಡಿದರೆ, ಆ ಹಸಿರು ಟ್ಯಾಂಕಿನ ಹಸಿರಿಗೆ ಹೊಂದುವುದಿಲ್ಲ. ಎರಡು ಹಾಳೆ ವ್ಯರ್ಥವಾದವು. ಆಮೇಲೆ ಜೆ.ಸಿ. ರಸ್ತೆಯಲ್ಲಿ ಗಾಡಿಗಳ ನಂಬರ್ ಪ್ಲೇಟ್‌ಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಹೋಗಿ, ನಾಲ್ಕು ಮಿ.ಮೀ. ಎತ್ತರದ ಇಂಗ್ಲಿಷ್ ಅಕ್ಷರಗಳ ಸ್ಟೆನ್ಸಿಲ್ ಕೇಳಿದೆ. "ಇಷ್ಟು ಚಿಕ್ಕದಾ ಸಾರ್?" ಅಂತ ಅಂಗಡಿಯ ಹುಡುಗ ಮೂರು ಸಲ ಬ್ಲೇಡ್ ಬದಲಿಸಿ ಕತ್ತರಿಸಿಕೊಟ್ಟ. ಅವನ ತಾಳ್ಮೆಗೆ ನಾನು ಋಣಿ.

ಆ ಸ್ಟಿಕ್ಕರ್‌ನ ಅಂಟು ಬಹಳ ಗಟ್ಟಿ. ಹಾಗೇ ಅಂಟಿಸಿದರೆ ಕೀಳುವಾಗ ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಅಂಗೈಗೆ ನಾಲ್ಕೈದು ಸಲ ಒತ್ತಿ ಅಂಟು ಕಡಿಮೆ ಮಾಡಿಕೊಂಡೆ. ಮೂರು 'ಎ' ಅಕ್ಷರಗಳ ಒಳಗಿನ ಪುಟ್ಟ ತ್ರಿಕೋನಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೂರಿಸಿದೆ. ಮೊದಲು ಟ್ಯಾಂಕಿನ ಹಸಿರನ್ನೇ ತೆಳುವಾಗಿ ಹೊಡೆದೆ. ಅದು ಸ್ಟೆನ್ಸಿಲ್ ಅಂಚಿನ ಸಂದುಗಳನ್ನು ಮುಚ್ಚುತ್ತದೆ, ಆಮೇಲೆ ಹೊಡೆದ ಬಿಳಿ ಒಳಗೆ ನುಗ್ಗುವುದಿಲ್ಲ. ಬಿಳಿಯನ್ನು ಮಾತ್ರ ಏರ್‌ಬ್ರಷ್‌ನಲ್ಲೇ ಹೊಡೆದೆ, ಬ್ರಷ್ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಒಣಗುವ ಮೊದಲೇ ಸ್ಟಿಕ್ಕರ್ ಎತ್ತಿದೆ. ಒಂಬತ್ತು ಅಕ್ಷರಗಳಲ್ಲಿ ಎಂಟು ಚೊಕ್ಕವಾಗಿ ನಿಂತವು. 'ಜಿ'ಯ ಅಂಚು ಸ್ವಲ್ಪ ಹರಡಿದೆ, ಅದನ್ನು ಈ ಭಾನುವಾರ ಸಣ್ಣ ಬ್ರಷ್‌ನಲ್ಲಿ ತಿದ್ದುತ್ತೇನೆ.